ಗೆರೆಯ ತಲೆ ಹಿಕ್ಕುತ್ತಿದ್ದ ಅಕ್ಕೋರು

ಹಣಿಗೆ ಇರುವುದು ತಲೆ ಹಿಕ್ಕಲಿಕ್ಕೆ ಎಂದಷ್ಟೇ ನನಗೆ ನಲವತ್ತೈದು ವರ್ಷ ದಾಟುವ ತನಕ ಗೊತ್ತಿತ್ತು. ಗೆರೆಗೂ ಹಣಿಗೆ ಹಚ್ಚಬಹುದು, ಗೆರೆಯಲ್ಲೂ ಹೇನು ಇರುತ್ತವೆ ಎಂದು ಹೇಳಿಕೊಟ್ಟವರು ನಮ್ಮ ಅಕ್ಕೋರು. ಬರುವ ಶ್ರಾವಣಕ್ಕೆ ಅವರು ತೀರಿಕೊಂಡು ಒಂದು ವರ್ಷ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಇವರು ಸಾಲಿಯಲ್ಲಿ ಕಲಿಸಿದವರಲ್ಲ. ಬೈಲಹೊಂಗಲದಲ್ಲಿ ನಾನು ಮಿಸ್ತ್ರಿಯಾಗಿರುವ ಫರ್ನಿಚರ್ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಕುರ್ಚಿ, ಸೋಫಾ, ಮಂಚಗಳ ಆಕಾರ ತೆಗೆಯುತ್ತಿದ್ದರು. ಆ ಆಕಾರವನ್ನು ಮಶೀನಿಗೆ ಕೊಟ್ಟರೆ ಮಶೀನು ಅದರಂತೆಯೇ ಕಟ್ಟಿಗೆ ಕೊರೆಯುತ್ತದೆ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಸಣ್ಣವರು, ನನಗೆ ಕಾಕಾ ಎನ್ನುತ್ತಿದ್ದರು. ಮೊದಲು ಚೇಷ್ಟೆಗೆಂದು ನಾನೇ ಅವರನ್ನು ಅಕ್ಕೋರ ಎಂದು ಕರೆದೆ. ಆಮೇಲೆ ನಿಜವಾಗಿಯೂ ಅವರ ಮುಂದೆ ಕುಳಿತು ಕಲಿಯುವ ಪಾಳಿ ನನಗೆ ಬಂತು, ಆ ಹೆಸರೇ ಉಳಿಯಿತು. ಈಗ ಅವರ ನಿಜವಾದ ಹೆಸರು ಬರೆಯಲು ಹೋದರೆ ಬೇರೆ ಯಾರದೋ ಹೆಸರು ಬರೆದಂತಾಗುತ್ತದೆ. ಅದಕ್ಕೆ ಬರೆಯುವುದಿಲ್ಲ.

ಅವರ ಊರು ದೊಡವಾಡ. ಅಲ್ಲಿಂದ ಒಂದು ಬಸ್ಸು ಧಾರವಾಡಕ್ಕೆ ಹೋಗುತ್ತದೆ, ಒಂದು ನಮ್ಮ ಬೈಲಹೊಂಗಲಕ್ಕೆ ಬರುತ್ತದೆ. ಧಾರವಾಡದ ಬಸ್ಸು ಹತ್ತಿ ಮೂರು ವರ್ಷ ಡಿಪ್ಲೊಮಾ ಓದಿದರು. ಬೈಲಹೊಂಗಲದ ಬಸ್ಸು ಹತ್ತಿ ಒಂಬತ್ತು ವರ್ಷ ಕೆಲಸ ಮಾಡಿದರು. "ನನ್ನ ಹಣೇಬಾರ ಎಲ್ಲಾ ಒಂದ ಸ್ಟ್ಯಾಂಡಿನ್ಯಾಗ ಮುಗದೈತಿ ಕಾಕಾ, ಬಸ್ಸಿನ ಬೋರ್ಡ್ ಅಷ್ಟ ಬದಲಿ" ಎನ್ನುತ್ತಿದ್ದರು.

ಅವರು ಬರುವ ಮೊದಲು ನಮ್ಮ ಮಶೀನು ಮೂರು ತಿಂಗಳು ಹಲಗೆ ಸೀಳುವುದು, ಬಾಗಿಲಿನ ಮೇಲೆ ಗಣಪತಿ ಕೊರೆಯುವುದು, ಇಷ್ಟೇ ಮಾಡುತ್ತಿತ್ತು. ನೇರ ಗೆರೆ ಕೊಟ್ಟರೆ ನೇರ ಕೊಯ್ಯುತ್ತಿತ್ತು. ಬಾಗಿದ್ದನ್ನು ಅದಕ್ಕೆ ಹೇಳಿಕೊಡುವವರು ಇರಲಿಲ್ಲ. ಕಾರ್ಖಾನೆಯ ಸಾವಕಾರರು ಇವರನ್ನು ಕರೆತಂದು ಕೂರಿಸಿದ ದಿನ ನನಗೆ ಒಳಗೊಳಗೇ ನಗು. ಇಪ್ಪತ್ತೈದು ವರ್ಷ ಕೈಯಿಂದ ಕುರ್ಚಿಯ ಕೈ ಬಾಗಿಸಿದವನು ನಾನು. ಈ ಹುಡುಗಿ ಇಲಿಯಷ್ಟು ದೊಡ್ಡ ಒಂದು ಡಬ್ಬಿ ಹಿಡಿದು ಏನು ಬಾಗಿಸುತ್ತಾಳೆ?

ನಾನೇ ಮಾಡಿದ ಒಂದು ಹಳೆಯ ಆರಾಮ ಕುರ್ಚಿ ಇತ್ತು. ಅದರ ಕೈಯನ್ನು ತೋರಿಸಿ, "ಇದನ್ನ ತಗೀರಿ ನೋಡೂಣು" ಎಂದೆ. ಅವರು ಅದರ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿ, ಅಂಚಿನ ಉದ್ದಕ್ಕೂ ನಲವತ್ತು ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಹಾಯಿಸಿದರು. ಮಶೀನು ಕೊರೆದು ಕೊಟ್ಟಿತು. ನೋಡಲು ಅಂದವಾಗಿತ್ತು. ನಾನು ಕಣ್ಣು ಮುಚ್ಚಿ ಅದರ ಮೇಲೆ ಹೆಬ್ಬೆರಳು ಎಳೆದೆ.

"ಅಕ್ಕೋರ, ಇದು ಕುರ್ಚಿ ಕೈ ಅಲ್ರಿ. ನಿಮ್ಮ ದೊಡವಾಡ ರಸ್ತಾ. ಬರೇ ತೆಗ್ಗು."

ಸುತ್ತ ಇದ್ದವರು ನಕ್ಕರು. ಅವರು ಸಿಟ್ಟಾಗಲಿಲ್ಲ. ತಾವೂ ಕಣ್ಣು ಮುಚ್ಚಿ ಬೆರಳು ಎಳೆದರು. "ನಾಕ ತೆಗ್ಗು ಅದಾವ್ರಿ."

"ಐದ. ಒಂದ ನಿಮ್ಮ ಕೈಗೆ ತಪ್ಪಿಸ್ಕೊಂಡೈತಿ."

"ಹಂಗಾರ ನೀವು ಹೆಂಗ ಎಳೀತೀರಿ? ತೋರಸ್ರಿ ಕಾಕಾ."

ನಾನು ಹಲಗೆಯ ಮೇಲೆ ಮೂರು ಮೊಳೆ ಹೊಡೆದು, ಬಿದಿರಿನ ತೆಳು ಪಟ್ಟಿಯನ್ನು ಅವುಗಳ ನಡುವೆ ಹಾಯಿಸಿ, ಅದು ಹೇಗೆ ಬಾಗಿತೋ ಹಾಗೆ ಪೆನ್ಸಿಲಿನಿಂದ ಗೆರೆ ಎಳೆದೆ.

"ಮೂರ ಮಳಿ ಅಷ್ಟರಿ?"

"ಮೂರ. ನಾಕನೇದು ಹೊಡದ್ರ ಪಟ್ಟಿಗೆ ಸಿಟ್ಟ ಬರತೈತಿ. ಪಟ್ಟಿ ತಾನ ಬಾಗಬೇಕ್ರಿ, ನಾವು ಬಗ್ಗಸಬಾರದು."

ಅವರು ನೇರ ಹೋಗಿ ಕಂಪ್ಯೂಟರಿನ ಮುಂದೆ ಕುಳಿತರು. ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಸಂಜೆಯ ಬಸ್ಸಿಗೆ ಮೊದಲು ನನ್ನನ್ನು ಕರೆದರು. ನಲವತ್ತು ಚುಕ್ಕಿ ಅಳಿಸಿ ಐದೇ ಉಳಿಸಿದ್ದರು. ಚುಕ್ಕಿಗಳು ಗೆರೆಯ ಮೇಲೆ ಇರಲಿಲ್ಲ, ಆಚೀಚೆ ದೂರ ನಿಂತಿದ್ದವು. ಒಂದನ್ನು ಹಿಡಿದು ಸರಿಸಿದರೆ ಗೆರೆ ನೀರಿನಂತೆ ಅತ್ತ ವಾಲುತ್ತಿತ್ತು.

"ಮನ್ಯಾಗ ಕಾಕೂ ಚುಕ್ಕಿ ರಂಗೋಲಿ ಹಾಕ್ತಾರಲ್ರಿ, ಗೆರಿ ಚುಕ್ಕಿ ಮ್ಯಾಲ ಹೋಗತೈತೇನು?"

"ಇಲ್ಲ. ಸುತ್ತ ಹಾದ ಹೋಗತೈತಿ."

"ಇಲ್ಲೂ ಹಂಗ. ಚುಕ್ಕಿ ಗೆರೀನ ಮುಟ್ಟೂದಿಲ್ಲ. ದೂರ ನಿಂತ ಎಳೀತೈತಿ."

ಮರುದಿನ ಕೊರೆದ ಕೈಯ ಮೇಲೆ ನನ್ನ ಹೆಬ್ಬೆರಳು ಎಲ್ಲಿಯೂ ನಿಲ್ಲಲಿಲ್ಲ. ಅಂದೇ ನಾನು ಕಲಿಯಲು ಕುಳಿತೆ. ಹತ್ತನೆಯ ಇಯತ್ತೆಯಲ್ಲಿ ನಪಾಸಾದವನು, ಉಳಿ ಹಿಡಿದು ಹಿಡಿದು ದಪ್ಪಗಾದ ಬೆರಳು, ಮೌಸು ಒತ್ತಿದರೆ ಎರಡು ಗುಂಡಿ ಕೂಡಿಯೇ ಒತ್ತಿ ಹೋಗುತ್ತಿದ್ದವು. ಅವರು ಒಮ್ಮೆಯೂ ಕೈ ಹಿಡಿದು ತಿದ್ದಲಿಲ್ಲ. "ಮತ್ತ ಮಾಡ್ರಿ" ಎನ್ನುತ್ತಿದ್ದರು, ಅಷ್ಟೇ.

ಹಣಿಗೆಯ ಸಂಗತಿ ಬಂದದ್ದು ಆಮೇಲೆ. ಒಂದು ದಿನ ಪರದೆಯ ಮೇಲಿನ ಗೆರೆಗೆ ಮೈತುಂಬ ಮುಳ್ಳು ಎದ್ದಿದ್ದವು. ಏನಿದು ಎಂದು ಕೇಳಿದೆ.

"ಮುಳ್ಳಲ್ರಿ, ಹಣಿಗಿ. ಗೆರಿ ಎಲ್ಲಿ ಎಷ್ಟ ಬಾಗೈತಿ, ಅಲ್ಲಿ ಹಲ್ಲು ಅಷ್ಟುದ್ದ. ಹಲ್ಲು ಸಾಲಾಗಿ ಏರಿ ಸಾಲಾಗಿ ಇಳದ್ರ ಗೆರಿ ಸ್ವಚ್ಛ ಐತಿ ಅಂತ. ನಡುವ ಒಂದ ಹಲ್ಲು ಎಗರಿ ನಿಂತಿತು ಅಂದ್ರ..."

"ಅಂದ್ರ?"

"ಹೇನು."

ಅಂದಿನಿಂದ ನಮ್ಮ ಕಾರ್ಖಾನೆಯಲ್ಲಿ ಬಾಗಿನಲ್ಲಿ ಬಂದ ಯಾವ ದೋಷಕ್ಕೂ ಹೇನು ಎಂದೇ ಹೆಸರು. ಬೆಳಿಗ್ಗೆ ಬಂದು ಕಂಪ್ಯೂಟರ್ ಹಚ್ಚಿ, "ಬರ್ರಿ ಕಾಕಾ, ಗೆರಿ ತಲಿ ಹಿಕ್ಕೂಣು" ಎನ್ನುತ್ತಿದ್ದರು. ಅವರ ಹಣಿಗೆಗೂ ನನ್ನ ಹೆಬ್ಬೆರಳಿಗೂ ಪಂದ್ಯ ನಡೆಯುತ್ತಿತ್ತು. ಅವರು ಪರದೆಯ ಮೇಲೆ ಹೇನು ಇದ್ದ ಜಾಗ ನೋಡಿಟ್ಟುಕೊಂಡು, ಹಾಗೆಯೇ ಒಂದು ತುಂಡು ಕೊರೆಸಿ ನನ್ನ ಕೈಗೆ ಕೊಟ್ಟು, ಹುಡುಕಿರಿ ಎನ್ನುವರು. ನಾನು ಕಣ್ಣು ಮುಚ್ಚಿ ಹುಡುಕಿ ಪೆನ್ಸಿಲಿನಿಂದ ಗುರುತು ಮಾಡುವೆ. ಸೋತವರು ಸಂಜೆ ಮಿರ್ಚಿ ತರಿಸಬೇಕು. ಇಬ್ಬರೂ ಸುಮಾರು ಸಮ ಸಮ ಮಿರ್ಚಿ ತಿಂದಿದ್ದೇವೆ.

ಮುಗಿದ ಕುರ್ಚಿಯನ್ನು ಅವರು ನೋಡುವ ರೀತಿಯೇ ಬೇರೆ. ಸಂತೆಯಲ್ಲಿ ಎತ್ತು ನೋಡುವವರಂತೆ ಸುತ್ತು ಹಾಕುತ್ತಿದ್ದರು. ಮುಂದಿನಿಂದ, ಹಿಂದಿನಿಂದ, ಕುಕ್ಕರಗಾಲಲ್ಲಿ ಕುಳಿತು ಕೆಳಗಿನಿಂದ. ಆದರೆ ತಾವು ಕೂರುತ್ತಿರಲಿಲ್ಲ. ನನ್ನನ್ನು, ಸಾವಕಾರರನ್ನು, ಪಾಲಿಶ್ ಮಾಡುವವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಎಲ್ಲಿ ಒತ್ತುತ್ತದೆ ಎಂದು ಕೇಳುತ್ತಿದ್ದರು. ನೀವೇ ಕುಳಿತು ನೋಡಿರಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಾನು ಕುಂಡ್ರಾಕ ಹತ್ತಿದ್ರ ಎಲ್ಲಾ ಕುರ್ಚಿ ನನ್ನ ಬೆನ್ನಿನಂಗ ಆಗತಾವ ಕಾಕಾ" ಎಂದರು.

ಕಿತ್ತೂರಿನಿಂದ ಒಬ್ಬ ವ್ಯಾಪಾರಸ್ಥರು ಫೋನಿನಲ್ಲಿ ಒಂದು ಸೋಫಾದ ಚಿತ್ರ ಹಿಡಿದುಕೊಂಡು ಬಂದಿದ್ದರು. "ಬಾಯಾರ, ನನಗ ಇದ ಬೇಕು. ಹಂಸದ ಕುತಗಿ ಬಾಗಿದಂಗ ಇರಬೇಕು."

ಅಕ್ಕೋರು ಚಿತ್ರ ನೋಡಿ, "ಚಂದ ಐತ್ರಿ. ಇದರಾಗ ಯಾರು ಕುಂಡ್ರಾವ್ರು?" ಎಂದರು.

"ಮನಿಗೆ ಬಂದ ಮಂದಿ ನೋಡಿ ಹೌದು ಅನಬೇಕ್ರಿ."

"ನೋಡೂ ಮಂದಿ ನಿಂತ ನೋಡ್ತಾರ್ರಿ. ಕುಂಡ್ರೂ ಮಂದಿ ಯಾರು?"

ಅವರು ಟೊಪ್ಪಿಗೆ ತೆಗೆದು ತಲೆ ತುರಿಸಿಕೊಂಡರು. "ಹಗಲೆಲ್ಲಾ ಮನ್ಯಾಗ ಇರಾಕಿ ನನ್ನ ಹೇಣ್ತಿ. ಆಕಿಗೆ ಮೊಣಕಾಲ ಬ್ಯಾನಿ, ಒಮ್ಮೆ ಕುಂತ್ರ ಏಳಾಕ ಬರೂದಿಲ್ಲ."

"ಹಂಗಾರ ನಾಳೆ ಅವರನ್ನ ಕರಕೊಂಡ ಬರ್ರಿ. ಹಂಸನ್ನ ಮನ್ಯಾಗ ಬಿಟ್ಟ ಬರ್ರಿ."

ಆ ತಾಯಿ ಬಂದರು. ಅವರು ಏಳುವಾಗ ಅಂಗೈ ಎಲ್ಲಿ ಊರುತ್ತಾರೆ ಎಂದು ನೋಡಿ ಅಕ್ಕೋರು ಸೋಫಾದ ಕೈಯನ್ನು ಅಲ್ಲಿ ಎತ್ತರಿಸಿ, ಮುಂದೆ ಗುಂಡಗೆ ಬಾಗಿಸಿದರು. ಹಂಸದಂತೆ ಏನೂ ಕಾಣಲಿಲ್ಲ. ಆದರೆ ವ್ಯಾಪಾರಸ್ಥರು ಮರುವರ್ಷ ಮಗಳಿಗೂ ಅಂಥದೇ ಬೇಕೆಂದು ಬಂದರು.

ನನಗೆ ಕಲಿಸುವಾಗ ಅವರು ಕಟ್ಟುನಿಟ್ಟಾಗಿ ಹೇಳಿದ್ದು ಒಂದೇ ಮಾತು. ತಿದ್ದಿದ ಆಕಾರವನ್ನು ಹಳೆಯದರ ಮೇಲೆ ಉಳಿಸಬಾರದು. ಹೊಸ ಅಂಕಿ ಹಾಕಿ ಬೇರೆಯಾಗಿ ಇಡಬೇಕು. ಒಂದು, ಎರಡು, ಮೂರು, ಹೀಗೆ. "ಹಳೇದು ತಪ್ಪಿದ್ರೂ ಇರ್ಲಿ ಕಾಕಾ. ತಪ್ಪ ಹೌದೋ ಅಲ್ಲೋ ಇವತ್ತ ಗೊತ್ತಾಗೂದಿಲ್ಲ."

ಅವರದು ಬೌದ್ಧರ ಮನೆ. ಮನೆಯಲ್ಲಿ ಅವರು ಮತ್ತು ಅವರ ಅವ್ವ, ಇಬ್ಬರೇ. "ಒಮ್ಮೆ ಮನಿಗೆ ಬರ್ರಿ, ಅವ್ವ ಪುಂಡಿಪಲ್ಲೆ ಚಲೋ ಮಾಡತಾಳ" ಎಂದು ಎಷ್ಟು ಸಲ ಕರೆದರೋ. "ಬರೂಣ್ರಿ, ಬರೂಣ್ರಿ" ಎನ್ನುತ್ತಾ ನಾನು ಒಂಬತ್ತು ವರ್ಷ ಕಳೆದೆ. ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ ಬಾಯಿಬಿಟ್ಟು ಹೇಳುವಂಥ ಉತ್ತರ ನನ್ನ ಹತ್ತಿರ ಇಲ್ಲ. ಅವರು ಕೇಳಲಿಲ್ಲ.

ಅವ್ವ ಒಂದು ಸಲ ಕಾರ್ಖಾನೆಗೆ ಬಂದಿದ್ದರು. ಬೈಲಹೊಂಗಲದ ಸಂತೆ ಮುಗಿಸಿ, ಮಗಳ ಜೊತೆ ಒಂದೇ ಬಸ್ಸಿಗೆ ಹೋಗೋಣವೆಂದು. ತಲೆಯ ಮೇಲೆ ಸೆರಗು, ಮೈತುಂಬ ಸುತ್ತಿದ ಸೀರೆ, ಮುಂದಕ್ಕೆ ಬಾಗಿದ ನಡಿಗೆ. ಎರಡು ಗಂಟೆ ಕಾಯಬೇಕಿತ್ತು. ಸುತ್ತ ಇಪ್ಪತ್ತು ಕುರ್ಚಿ ಇದ್ದವು. ಅವ್ವ ನೆಲದ ಮೇಲೆ ಕಟ್ಟಿಗೆಯ ಸಿಪ್ಪೆಯ ಮೇಲೆ ಕುಳಿತರು.

"ಇಷ್ಟ ಕುರ್ಚಿ ಅದಾವ, ಮ್ಯಾಲ ಕುಂಡ್ರಿ ಯವ್ವಾ" ಎಂದರು ಸಾವಕಾರರು.

"ಬ್ಯಾಡ್ರಿ ಸಾವಕಾರ್ರ. ಕುರ್ಚ್ಯಾಗ ಕುಂತ್ರ ಬೆನ್ನ ಎಲ್ಲಿಡಬೇಕೋ ತಿಳಿಯೂದಿಲ್ಲ."

ನಾವೆಲ್ಲ ನಕ್ಕೆವು. ವಯಸ್ಸಾದವರು ಸಂಕೋಚಕ್ಕೆ ಆಡಿದ ಮಾತು ಎಂದುಕೊಂಡೆವು. ಅಕ್ಕೋರು ನಗಲಿಲ್ಲ. ಕಂಪ್ಯೂಟರ್ ಬಿಟ್ಟು ಎದ್ದು ಬಂದು ಅವ್ವನ ಪಕ್ಕ ಅದೇ ಸಿಪ್ಪೆಯ ಮೇಲೆ ಕುಳಿತರು. ಬಸ್ಸಿನ ಹೊತ್ತಿನ ತನಕ ಏಳಲಿಲ್ಲ.

ಮರುದಿನದಿಂದ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದು ಕುರ್ಚಿ ತೆಗೆಯತೊಡಗಿದರು. ಅಗಲ ಸೀಟು, ತಗ್ಗು ಕಾಲು, ಬೆನ್ನಿಗೆ ಉದ್ದುದ್ದ ಐದು ಪಟ್ಟಿ. ಅದಕ್ಕೆ 'ಅವ್ವ' ಎಂದು ಹೆಸರಿಟ್ಟಿದ್ದರು. 'ಅವ್ವ ೧', 'ಅವ್ವ ೨' ಎಂದು ಅಂಕಿ ಏರುತ್ತಾ ಹೋಯಿತು. ಗಿರಾಕಿಯ ಕೆಲಸದಲ್ಲಿ ನಾಲ್ಕಕ್ಕೆ ಮುಗಿಸುವವರು ಇದರಲ್ಲಿ ಹತ್ತಕ್ಕೆ ಹೋದರೂ ಮುಗಿಸಲಿಲ್ಲ.

"ಎಷ್ಟ ತಿದ್ದತೀರಿ ಅಕ್ಕೋರ? ಬೇಷ್ ಐತಲ್ಲ."

"ಇನ್ನೂ ಆಗಿಲ್ರಿ. ಅವ್ವ ಒಂದ ಸಲ ಬೆನ್ನ ಆನಿಸಿ ಕುಂಡ್ರಬೇಕು ಕಾಕಾ. ಒಂದ ಸಲ. ಅದನ್ನ ನಾ ನೋಡಬೇಕು." ನನ್ನ ಕಡೆ ತಿರುಗಿ, "ಕಟಗಿ ಕೆಲಸ ನಿಮ್ಮದು ಮತ್ತ. ಬ್ಯಾರೆಯವರ ಕೈಗೆ ಕೊಡೂದಿಲ್ಲ" ಎಂದರು. ನಾನು ಹಳೆಯ ಸಾಗವಾನಿ ತೊಲೆಯ ಒಂದು ತುಂಡನ್ನು ತೆಗೆದಿಟ್ಟೆ.

ಹೋದ ವರ್ಷ ಆಷಾಢದ ಕೊನೆಗೆ ಒಂದು ಸಂಜೆ, "ಲೈಟ್ ಫಿಟಿಂಗಿನ ದಪ್ಪ ವೈರು ಒಂದ ಮಾರು ಇದ್ರ ಕೊಡ್ರಿ ಕಾಕಾ, ಮನ್ಯಾಗ ಕೆಲಸ ಐತಿ" ಎಂದರು. ಕತ್ತರಿಸಿ ಸುತ್ತಿ ಕೊಟ್ಟೆ. ಚೀಲದಲ್ಲಿ ಹಾಕಿಕೊಂಡು ಹೋದರು. ಆಮೇಲೆ ನಾಲ್ಕೈದು ದಿನ ಕೆಲಸಕ್ಕೆ ಬಂದರು. ಶ್ರಾವಣ ಹಿಡಿದ ವಾರ ಜ್ವರ ಎಂದು ರಜೆ ಹೇಳಿ ಕಳಿಸಿದರು. ಮೂರನೆಯ ದಿನ ಧಾರವಾಡದ ದವಾಖಾನೆಗೆ ಸೇರಿಸಿದರು. ಜ್ವರ ಮೆದುಳಿಗೆ ಏರಿದೆ ಎಂದರು. ಆರನೆಯ ದಿನ ಸುದ್ದಿ ಬಂತು.

ಮಣ್ಣಿಗೆ ಹೋಗಿದ್ದೆ. ಮಂದಿ ಬಹಳ ಇತ್ತು. ನಾನು ಓಣಿಯ ಬಾಯಿಯಲ್ಲಿಯೇ ನಿಂತು, ಮೆರವಣಿಗೆಯ ಹಿಂದೆ ನಡೆದು, ಹಾಗೆಯೇ ಮರಳಿ ಬಂದೆ. ಮನೆಯ ಒಳಗೆ ಹೋಗಲಿಲ್ಲ.

ಹದಿನೈದು ದಿನ ಅವರ ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಸಾವಕಾರರು, "ಮಿಸ್ತ್ರಿ, ಅದರಾಗ ಅಕ್ಕೋರ ಸ್ವಂತದ್ದೇನರ ಇದ್ರ ತಗದಿಡು" ಎಂದರು. ಸ್ವಂತದ್ದು ಎಂದು ಇದ್ದದ್ದು ಒಂದೇ. 'ಅವ್ವ ೧೧'.

ತೆರೆದೆ. ಹತ್ತರ ತನಕ ಐದೂ ಪಟ್ಟಿಗಳ ಬಾಗು ಒಂದೇ ಇತ್ತು. ಇದರಲ್ಲಿ ಒಂದೊಂದೂ ಸ್ವಲ್ಪ ಸ್ವಲ್ಪ ಬೇರೆ. ಹಣಿಗೆ ಹಚ್ಚಿದೆ. ನಾಲ್ಕು ಪಟ್ಟಿ ಸ್ವಚ್ಛ ಇದ್ದವು. ಎಡಗಡೆಯಿಂದ ಎರಡನೆಯದರಲ್ಲಿ ನಟ್ಟನಡುವೆ ಹಲ್ಲುಗಳು ಎಗರಿ ನಿಂತಿದ್ದವು. ಅಷ್ಟು ದೊಡ್ಡ ಹೇನನ್ನು ಅವರ ಕೆಲಸದಲ್ಲಿ ನಾನು ಎಂದೂ ನೋಡಿರಲಿಲ್ಲ. ಜ್ವರದ ಮೈಯಲ್ಲಿ ತೆಗೆದಿರಬೇಕು, ಮುಗಿಸಲು ಆಗಿಲ್ಲ ಎಂದುಕೊಂಡೆ. ಕಣ್ಣು ತುಂಬಿ ಬಂದವು.

ಕುರ್ಚಿ ತೆಗೆಯುವವರು ಒಂದು ಬದಿ ಮಾಡಿ ಅದಕ್ಕೆ ಕನ್ನಡಿ ಹಿಡಿದು ಇನ್ನೊಂದು ಬದಿ ಪಡೆಯುತ್ತಾರೆ. ಕಂಪ್ಯೂಟರಿನಲ್ಲಿ ಅದಕ್ಕೆ ಒಂದು ಗುಂಡಿಯೇ ಇದೆ. ನಾನು ಎಡಗಡೆಯ ಆ ಪಟ್ಟಿಯನ್ನು ಅಳಿಸಿ, ಬಲಗಡೆಯದಕ್ಕೆ ಕನ್ನಡಿ ಹಿಡಿದು ಅದರ ಜಾಗಕ್ಕೆ ತಂದು ಕೂರಿಸಿದೆ. ಮತ್ತೆ ಹಣಿಗೆ ಹಚ್ಚಿದೆ. ಹಲ್ಲುಗಳು ಸಾಲಾಗಿ ಏರಿ ಸಾಲಾಗಿ ಇಳಿದವು. ಹೋಗುವ ಹೆಣ್ಣುಮಗಳಿಗೆ ಕೊನೆಯ ಸಲ ತಲೆ ಹಿಕ್ಕಿ ಕಳಿಸುತ್ತಾರಲ್ಲ, ಹಾಗೆ ಅನ್ನಿಸಿತು. ಆ ದುಃಖದಲ್ಲಿ ಅಂಕಿ ಬದಲಿಸಬೇಕೆಂಬುದೂ ನೆನಪಾಗಲಿಲ್ಲ. ಅವರ ಹನ್ನೊಂದರ ಮೇಲೆಯೇ ಉಳಿಸಿಬಿಟ್ಟೆ.

ಸಾಗವಾನಿಯಲ್ಲಿ ಕೊರೆಸಿ, ಒಂದೊಂದು ಪಟ್ಟಿಯನ್ನೂ ಕೈಯಿಂದ ಉಜ್ಜಿ, ಜೋಡಿಸಿ, ಪಾಲಿಶ್ ಮಾಡುವುದಕ್ಕೆ ಒಂದು ತಿಂಗಳು ಹಿಡಿಯಿತು. ಒಂದು ರವಿವಾರ ನಾನೂ ನನ್ನ ಹೆಂಡತಿಯೂ ಅದನ್ನು ಬಾಡಿಗೆಯ ಟಂಟಂ ಗಾಡಿಯಲ್ಲಿ ಹಾಕಿಕೊಂಡು ದೊಡವಾಡಕ್ಕೆ ಹೋದೆವು. ಆ ಮನೆಯ ಹೊಸ್ತಿಲು ನಾನು ದಾಟಿದ್ದು ಅಂದು. ಒಂದು ಪಡಸಾಲೆ, ಒಂದು ಅಡುಗೆಮನೆ. ಗೂಡಿನಲ್ಲಿ ಅಂಗೈಯಷ್ಟು ಬುದ್ಧನ ಮೂರ್ತಿ, ಅದರ ಪಕ್ಕ ಅಕ್ಕೋರ ಫೋಟೊ.

"ಅವ್ವಾರ, ಇದು ನಿಮ್ಮ ಮಗಳು ನಿಮಗಂತ ತಗದ ಕುರ್ಚಿ" ಎಂದೆ.

ಅವ್ವ ಬಹಳ ಹೊತ್ತು ಅದರ ಕೈ ಸವರಿದರು. ಆಮೇಲೆ ಸೀಟಿನ ತುದಿಯಲ್ಲಿ ಕುಳಿತರು. ನನ್ನ ಹೆಂಡತಿ, "ಹಿಂದ ಸರದ ಆನಿಸ್ರಿ ಅವ್ವಾರ" ಎಂದಳು. ಸರಿದರು. ಬೆನ್ನು ಪಟ್ಟಿಗೆ ತಾಕಿತೋ ಇಲ್ಲವೋ, ಸುಟ್ಟವರಂತೆ ಮುಂದಕ್ಕೆ ಬಂದರು. ಮತ್ತೊಮ್ಮೆ ಮೆಲ್ಲಗೆ ಆನಿಸಿ ನೋಡಿದರು. ಆಗಲಿಲ್ಲ. ಇಳಿದು ನೆಲದ ಮೇಲೆ ಕುಳಿತು, ಸೀಟಿನ ಮೇಲೆ ಕೈ ಇಟ್ಟುಕೊಂಡರು.

"ಚಲೋ ಆಗೈತ್ರಿ ಮಿಸ್ತ್ರಿ. ಭಾಳ ಚಲೋ ಆಗೈತಿ."

"ಎಲ್ಲಿ ಚುಚ್ಚತೈತ್ರಿ?"

"ಕುರ್ಚಿ ಚುಚ್ಚೂದಿಲ್ರಿ. ನನ್ನ ಬೆನ್ನ ಸರಿ ಇಲ್ಲ." ನನ್ನ ಹೆಂಡತಿಯ ಕೈ ಹಿಡಿದು ಸೀರೆಯ ಮೇಲಿನಿಂದಲೇ ಎಡ ಹೆಗಲಿನ ಕೆಳಗೆ ಮುಟ್ಟಿಸಿದರು. ಆಮೇಲೆ ಅವಳು ನನಗೆ ಹೇಳಿದ್ದು, ಅಲ್ಲಿ ಒಳಗೆ ಒಂದು ಮುಷ್ಟಿ ಇಟ್ಟಂತೆ ಇತ್ತಂತೆ. "ಹರೇದಾಗ ಬಣವಿ ಮ್ಯಾಲಿಂದ ಬಿದ್ದಿದ್ನಿ. ಎಲವು ಡೊಂಕ ಕೂಡಿಕೊಂತು. ಗ್ವಾಡಿಗೆ ಆನಿಸಿ ಕುಂತು ನಲವತ್ತ ವರ್ಷ ಆತು. ಆಕಿಗೆ ಗೊತ್ತಿತ್ತಲ್ರಿ ಇದು. ಒಂದ ವೈರ್ ತಂದು, ಬೆನ್ನ ಮ್ಯಾಲ ಒತ್ತಿ ಒತ್ತಿ, ಐದ ಸಲ ಅಳತಿ ತಗೊಂಡ್ಲು. ನನಗ ಕಚಗುಳಿ ಆಗಿ ನಗತಿದ್ನಿ, ಸುಮ್ಮ ಕುಂಡ್ರಬೇ ಅಂತ ಬೈತಿದ್ಲು. ಕಡೀಕ ಇಲ್ಲೆ ಒತ್ತಿ, ಇದನ್ನ ಕೆಡಸಬ್ಯಾಡ, ಹಂಗ ಇಡು ಅಂದ್ಲು. ನೋಡ್ರಿ ಅಲ್ಲೆ."

ಗೋಡೆಯ ಮೊಳೆಗೆ ನಾನು ಕತ್ತರಿಸಿ ಕೊಟ್ಟ ವೈರು ತೂಗುತ್ತಿತ್ತು. ತೆಗೆದು ಎಡಗಡೆಯ ಎರಡನೆಯ ಪಟ್ಟಿಗೆ ಹಿಡಿದೆ. ಮೇಲೆ ಹೊಂದಿಸಿದರೆ ಕೆಳಗೆ ಏಳುತ್ತಿತ್ತು, ಕೆಳಗೆ ಹೊಂದಿಸಿದರೆ ಮೇಲೆ. ವೈರು ನಡುವೆ ಹೊಟ್ಟೆ ತೆಗೆದುಕೊಂಡಿದ್ದ ಕಡೆ ಪಟ್ಟಿಯಲ್ಲಿ ತೆಗ್ಗು ಇರಬೇಕಾಗಿತ್ತು. ಅಕ್ಕೋರು ಆ ತೆಗ್ಗು ಇಟ್ಟಿದ್ದರು. ನಾನು ತುಂಬಿದ್ದೆ.

ಬೆನ್ನು ಎಲ್ಲಿಡಬೇಕೋ ತಿಳಿಯೂದಿಲ್ಲ ಎಂದು ಅವ್ವ ಅಂದು ಹೇಳಿದ್ದು ಸಂಕೋಚವಲ್ಲ, ಇದ್ದದ್ದು ಇದ್ದ ಹಾಗೆ. ಒಂಬತ್ತು ವರ್ಷದಲ್ಲಿ ಒಂದು ಸಲ ಪುಂಡಿಪಲ್ಲೆ ಉಣ್ಣಲು ಬಂದಿದ್ದರೆ ನನಗೂ ಗೊತ್ತಿರುತ್ತಿತ್ತು.

"ತಪ್ಪ ನಂದ್ರಿ ಅವ್ವಾರ. ಅವರು ಸರಿನ ತಗದಿದ್ರು. ನಾನು ಹೇನು ಅಂತ ತಿಳದು ತಗದ ಬಿಟ್ನಿ."

"ಹೇನ?"

ಹಣಿಗೆಯ ಕತೆಯನ್ನು ಮೊದಲಿನಿಂದ ಹೇಳಿದೆ. ಅವ್ವ ಬಾಯಿ ತೆರೆದು ಕೇಳಿದರು. ಮಗಳು ಹಗಲೆಲ್ಲ ಏನು ಮಾಡುತ್ತಿದ್ದಳು ಎಂಬುದು ಅವರಿಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಕೊನೆಗೆ ನಕ್ಕರು.

"ನಲವತ್ತ ವರ್ಷದ ಹೇನ್ರಿ ಅದು! ಸಾಕಿ ಬೆಳಸೀನಿ. ನೀವು ಒಂದ ಏಟಿಗೆ ಕುಕ್ಕಿಬಿಟ್ರಿ?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಹೆಂಡತಿ ನನ್ನ ಮುಖ ನೋಡಿ, "ಇವರಿಗೆ ಕೈ ಸುಮ್ಮ ಇರೂದಿಲ್ರಿ" ಎಂದಳು.

ವೈರನ್ನು ಕಾಗದದಲ್ಲಿ ಸುತ್ತಿ, ಕೂಸನ್ನು ತಂದಂತೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ಕಂಪ್ಯೂಟರಿನಲ್ಲಿ ಅವರ ಹನ್ನೊಂದು ಇರಲಿಲ್ಲ, ಅದರ ಮೇಲೆ ನಾನೇ ಬರೆದಿದ್ದೆ. ಹತ್ತರಲ್ಲಿ ಆ ತೆಗ್ಗು ಇನ್ನೂ ಬಂದಿರಲಿಲ್ಲ. ಉಳಿದದ್ದು ವೈರು ಒಂದೇ. ಅದನ್ನು ಹಾಳೆಯ ಮೇಲಿಟ್ಟು ಪೆನ್ಸಿಲ್ ಎಳೆದು, ಫೋಟೊ ತೆಗೆದು, ಪರದೆಯ ಮೇಲೆ ತಂದು ಕುಳಿತೆ. ಅಕ್ಕೋರು ಇಲ್ಲದೆ ನಾನು ತೆಗೆದ ಮೊದಲ ಗೆರೆ. ಹದಿನಾಲ್ಕು ಚುಕ್ಕಿ ಇಟ್ಟೆ, ಗೆರೆ ನಡುಗಿತು. ಒಂಬತ್ತಕ್ಕೆ ಇಳಿಸಿದೆ. ಎರಡು ದಿನ ಬಿಟ್ಟು ಆರಕ್ಕೆ ಇಳಿಸಿದೆ. "ಮತ್ತ ಮಾಡ್ರಿ" ಎನ್ನುವವರು ಹಿಂದೆ ಇರಲಿಲ್ಲ, ಆದರೂ ಮತ್ತೆ ಮಾಡಿದೆ. ಐದನೆಯ ದಿನ ಗೆರೆ ವೈರಿನ ಮೇಲೆ ಬಂದು ಮಲಗಿತು. ಹಣಿಗೆ ಹಚ್ಚಿದೆ. ನಟ್ಟನಡುವೆ ಹಲ್ಲುಗಳು ಎಗರಿ ನಿಂತವು. ನಾನು ಕೈ ಹಚ್ಚಲಿಲ್ಲ. 'ಅವ್ವ ೧೨' ಎಂದು ಹೆಸರು ಕೊಟ್ಟು ಉಳಿಸಿದೆ.

ಪಟ್ಟಿಯನ್ನು ಕೊರೆಸಿ, ಉಜ್ಜಿ, ಮತ್ತೊಂದು ರವಿವಾರ ದೊಡವಾಡಕ್ಕೆ ಹೋದೆವು. ಕುರ್ಚಿ ಪಡಸಾಲೆಯಲ್ಲೇ ಇತ್ತು. ಅದರ ಮೇಲೆ ಯಾರೂ ಕುಳಿತಿರಲಿಲ್ಲ, ಒಂದು ತೊಳೆದ ಟಾವೆಲ್ ಹೊದಿಸಿದ್ದರು. ಹಳೆಯ ಪಟ್ಟಿ ಬಿಚ್ಚಿ ಹೊಸದನ್ನು ಕೂರಿಸುವಷ್ಟರಲ್ಲಿ ಅವ್ವ ರೊಟ್ಟಿ ಬಡಿದರು. ಪುಂಡಿಪಲ್ಲೆ ರೊಟ್ಟಿ ಉಂಡೆವು. ಅಕ್ಕೋರು ಹೇಳಿದ್ದು ಸುಳ್ಳಲ್ಲ.

ಊಟವಾದ ಮೇಲೆ ಅವ್ವ ಕುರ್ಚಿಯ ತುದಿಯಲ್ಲಿ ಕುಳಿತರು. ನನ್ನ ಕಡೆ ನೋಡಿದರು.

"ಹೇನ ಬಿಟ್ಟೀರೇನ್ರಿ ಮಿಸ್ತ್ರಿ?"

"ಬಿಟ್ಟೇನ್ರಿ."

ಹಿಂದೆ ಸರಿದರು. ಬಲಗಡೆ ಮೊದಲು ಆನಿಸಿದರು. ಆಮೇಲೆ ಎಡಗಡೆ, ಉಸಿರು ಬಿಗಿ ಹಿಡಿದು, ಇಷ್ಟಿಷ್ಟೇ. ಬೆನ್ನು ಹೋಗಿ ತಾಕಿತು. ಮುಂದಕ್ಕೆ ಬರಲಿಲ್ಲ. ಉಸಿರು ಬಿಟ್ಟರು. ಕೈಗಳು ಕುರ್ಚಿಯ ಕೈಗಳ ಮೇಲೆ ತಾವಾಗಿಯೇ ಬಂದು ಕುಳಿತವು. ಕಣ್ಣು ಮುಚ್ಚಿದರು. ಅಳುತ್ತಾರೇನೋ ಎಂದು ನಾನು ನೆಲ ನೋಡುತ್ತಾ ಕುಳಿತೆ.

ನನ್ನ ಹೆಂಡತಿ ಅವರ ಒಲೆಯ ಮೇಲೆ ಚಹಾ ಮಾಡಿ ತಂದವಳು ಬಾಗಿಲಲ್ಲೇ ನಿಂತಳು. ಅವ್ವನ ತಲೆ ಒಂದು ಬದಿಗೆ ವಾಲಿತ್ತು, ಬಾಯಿ ತುಸು ತೆರೆದಿತ್ತು. ಸಣ್ಣಗೆ ಗೊರಕೆ ಕೇಳಿಸಿತು.

ಸ್ಟ್ಯಾಂಡಿನ ಕಡೆಯಿಂದ ಬೈಲಹೊಂಗಲದ ಬಸ್ಸು ಹಾರ್ನ್ ಹಾಕಿತು. ಹೆಂಡತಿ ಚೀಲ ಎತ್ತಿಕೊಳ್ಳಹೋದಳು. ಕುಂಡ್ರು ಎಂದು ಕೈಸನ್ನೆ ಮಾಡಿದೆ. ಮುಂದಿನ ಬಸ್ಸಿಗೆ ಹೋದರಾಯಿತು.